ಕಿಡ್ನಿ ಕಸಿ ಆದ ಮೇಲೆ ಸೋಂಕು: ತಡೆಯುವ ಕ್ರಮ, ಗುರುತಿಸುವ ಲಕ್ಷಣ, ಜ್ವರ ಬಂದ ಮೊದಲ ಗಂಟೆಯ ಕೆಲಸ

ಕಿಡ್ನಿ ಕಸಿ ಆದವರ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಕೈ ತೊಳೆಯುವುದರಲ್ಲಿ, ಮಾಸ್ಕ್ ಹಾಕುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಎಡವುವುದು ಸಣ್ಣ ಜ್ವರ ಬಂದಾಗ. "ನಾಳೆ ನೋಡೋಣ" ಎಂದು ಒಂದು ಪ್ಯಾರಾಸಿಟಮಾಲ್ ನುಂಗುತ್ತಾರೆ. ಜ್ವರ ಇಳಿಯುತ್ತದೆ. ಮರುದಿನ ಮತ್ತೆ ಬರುತ್ತದೆ. ಆಗ ಹಿಂದೆ ಯಾವಾಗಲೋ ಉಳಿದಿದ್ದ ಆ್ಯಂಟಿಬಯಾಟಿಕ್ ಹೊರಗೆ ಬರುತ್ತದೆ. ಮೂರನೇ ದಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಕುಗ್ಗಿದಾಗ ರಕ್ತದಲ್ಲಿ ಜಾಸ್ತಿಯಾಗುವ ಕಸ) ಏರಿರುತ್ತದೆ. ಅರ್ಧಂಬರ್ಧ ಆ್ಯಂಟಿಬಯಾಟಿಕ್ ತಗೊಂಡ ಕಾರಣ, ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಾದ ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಯಾವ ಕ್ರಿಮಿ ಎಂದು ತಿಳಿಯದೆ ವೈದ್ಯರು ಊಹೆಯ ಮೇಲೆ ಔಷಧಿ ಕೊಡಬೇಕಾಗುತ್ತದೆ.

ಹಾಗಾಗಿ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ. ಇಲ್ಲಿರುವ ಅಂಕಿಗಳು ಸಾಮಾನ್ಯವಾಗಿ ಬಳಕೆಯಲ್ಲಿ ಇರುವಂಥವು. ನಿಮ್ಮ ಕಸಿ ತಂಡ ಬೇರೆ ಅಂಕಿ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಶುರು ಮಾಡುವ ಮುನ್ನ: ಲಕ್ಷಣ ಯಾಕೆ ಮಂಕಾಗಿರುತ್ತದೆ

ಜ್ವರ, ಊತ, ಕೆಂಪು, ಕೀವು, ನೋವು. ಇವೆಲ್ಲ ಬಹುಪಾಲು ಕ್ರಿಮಿ ಮಾಡುವ ಕೆಲಸ ಅಲ್ಲ, ಕ್ರಿಮಿಯ ವಿರುದ್ಧ ನಮ್ಮ ದೇಹ ಮಾಡುವ ಕೆಲಸ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲಿ ಎಂದು ಕೊಡುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ಮಾತ್ರೆಗಳು ಇದೇ ಕೆಲಸವನ್ನು ತಗ್ಗಿಸುತ್ತವೆ. ಹಾಗಾಗಿ ಸೋಂಕು ಜೋರಾಗಿದ್ದರೂ ಲಕ್ಷಣ ಸಣ್ಣದಾಗಿ ಕಾಣಬಹುದು. ಬೇರೆಯವರಿಗೆ 39 ಡಿಗ್ರಿ ಸೆಲ್ಸಿಯಸ್ ಜ್ವರ ತರುವ ಸೋಂಕು ನಿಮಗೆ 37.8 ಅಷ್ಟೇ ತೋರಿಸಬಹುದು. ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ಸುಸ್ತು, ಊಟ ಸೇರದಿರುವುದು, ಇಷ್ಟೇ.

"ಜ್ವರ ಕಮ್ಮಿ ಇದೆ, ಹಾಗಾಗಿ ಸೋಂಕೂ ಕಮ್ಮಿ" ಎಂಬ ಲೆಕ್ಕ ಕಸಿ ಆದವರಿಗೆ ನಡೆಯುವುದಿಲ್ಲ.

ಹಂತ 1: ಬೇಕಾದ ಸಾಮಾನು ಒಂದೇ ಕಡೆ ಇಡಿ

ಒಂದು ಡಿಜಿಟಲ್ ಥರ್ಮಾಮೀಟರ್, ಬಿ.ಪಿ. ನೋಡುವ ಯಂತ್ರ, ತೂಕದ ಯಂತ್ರ, ಮೂತ್ರ ಅಳೆಯಲು ಗೆರೆ ಇರುವ ಜಗ್, ವಾರದ ಮಾತ್ರೆ ಡಬ್ಬಿ, ಒಂದು ನೋಟ್‌ಬುಕ್. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಉಪಯೋಗ ಕೆಮ್ಮಿನ ಭಾಗದಲ್ಲಿ ಬರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಒಂದು ಹಾಳೆ. ಅದರಲ್ಲಿ ಕಸಿ ಆದ ದಿನಾಂಕ, ಎಲ್ಲ ಮಾತ್ರೆಗಳ ಹೆಸರು ಮತ್ತು ಡೋಸ್, ಅಲರ್ಜಿ, ಕಳೆದ ಸಲದ ಕ್ರಿಯಾಟಿನಿನ್, ನಿಮ್ಮ ಮತ್ತು ದಾನಿಯ ಸಿ.ಎಂ.ವಿ. ವರದಿ ಇರಲಿ. ಸಿ.ಎಂ.ವಿ. ಎಂದರೆ ಸೈಟೊಮೆಗಾಲೊವೈರಸ್. ದಾನಿಗೆ ಅದು ಮೊದಲೇ ಬಂದು ಹೋಗಿದ್ದು, ನಿಮಗೆ ಬಂದೇ ಇಲ್ಲದಿದ್ದರೆ ಅಪಾಯ ಎಲ್ಲರಿಗಿಂತ ಜಾಸ್ತಿ. ಈ ಒಂದು ಮಾಹಿತಿ ಹಲವರ ಫೈಲಿನಲ್ಲಿ ಇದ್ದರೂ ಅವರಿಗೇ ಗೊತ್ತಿರುವುದಿಲ್ಲ. ಕೇಳಿ ಬರೆದುಕೊಳ್ಳಿ.

ಕಸಿ ತಂಡದ ಹಗಲಿನ ನಂಬರ್ ಮತ್ತು ರಾತ್ರಿಯ ನಂಬರ್, ಎರಡೂ ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಇರಲಿ. ಮನೆಯವರ ಫೋನಿನಲ್ಲೂ ಇರಲಿ. ರಾತ್ರಿ ಎರಡು ಗಂಟೆಗೆ ಚಳಿ ಹಿಡಿದು ನಡುಗುವಾಗ ಫೈಲ್ ಹುಡುಕುತ್ತಾ ಕೂರಲು ಆಗುವುದಿಲ್ಲ ಅಲ್ವಾ.

ಹಂತ 2: ನಿಮ್ಮ ಮಾಮೂಲಿ ಅಂಕಿ ಯಾವುದೆಂದು ತಿಳಿದುಕೊಳ್ಳಿ

ಆರೋಗ್ಯವಾಗಿದ್ದಾಗ ನಿಮ್ಮ ಅಂಕಿಗಳು ಎಷ್ಟಿರುತ್ತವೆ ಎಂದು ಗೊತ್ತಿದ್ದರೆ ಮಾತ್ರ ಬದಲಾವಣೆ ಕಾಣುತ್ತದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ತೂಕ ಮತ್ತು ಬಿ.ಪಿ. ನೋಡಿ ಬರೆಯಿರಿ. ಮೊದಲ ಕೆಲವು ತಿಂಗಳು ಜ್ವರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಮೂತ್ರ ಎಷ್ಟು ದಿನ ಅಳೆಯಬೇಕು ಎಂದು ತಂಡ ಹೇಳುತ್ತದೆ.

ಇಲ್ಲಿ ಆಗುವ ತಪ್ಪುಗಳು ಸಣ್ಣವು, ಆದರೆ ದಾರಿ ತಪ್ಪಿಸುತ್ತವೆ. ಬಿಸಿ ಅಥವಾ ತಣ್ಣಗಿನದ್ದು ಕುಡಿದ ತಕ್ಷಣ ಬಾಯಲ್ಲಿ ಥರ್ಮಾಮೀಟರ್ ಇಡಬೇಡಿ, ಅರ್ಧ ಗಂಟೆ ಬಿಡಿ. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸುಮಾರು ಅರ್ಧ ಡಿಗ್ರಿ ಕಮ್ಮಿ ಬರುತ್ತದೆ. ಹಾಗಾಗಿ ಪ್ರತಿ ಸಲ ಒಂದೇ ಜಾಗದಲ್ಲಿ ನೋಡಿ. ಹಣೆ ಮುಟ್ಟಿ ನೋಡುವುದು ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ದಿನದಲ್ಲಿ ತೂಕ ಒಂದು ಕೆ.ಜಿ.ಗಿಂತ ಜಾಸ್ತಿ ಏರಿದರೆ, ಮೂತ್ರ ಎದ್ದು ಕಾಣುವಂತೆ ಕಮ್ಮಿಯಾದರೆ, ಜ್ವರ ಇಲ್ಲದಿದ್ದರೂ ಫೋನ್ ಮಾಡಿ. ಸೋಂಕು ಇರಬಹುದು, ಕಿಡ್ನಿ ರಿಜೆಕ್ಷನ್ (ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕುವುದು) ಇರಬಹುದು. ಮನೆಯಲ್ಲಿ ಕೂತು ಎರಡನ್ನೂ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ. ರಕ್ತ ಪರೀಕ್ಷೆ ಬೇಕು, ಕೆಲವೊಮ್ಮೆ ಬಯಾಪ್ಸಿಯೇ (ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವುದು) ಬೇಕು.

ಹಂತ 3: ಮಾತ್ರೆಗಳನ್ನು ಎರಡು ಗುಂಪು ಮಾಡಿ ನೋಡಿ

ಒಂದು ಗುಂಪು ಕಿಡ್ನಿಯನ್ನು ಉಳಿಸುವ ಮಾತ್ರೆಗಳು. ಇನ್ನೊಂದು ಗುಂಪು ಸೋಂಕು ಬರದಂತೆ ಮುಂಚೆಯೇ ಕೊಡುವ ಮಾತ್ರೆಗಳು. ಎರಡನೆಯದನ್ನು ಜನ ಲಘುವಾಗಿ ನೋಡುತ್ತಾರೆ. "ಕಾಯಿಲೆಯೇ ಇಲ್ಲ, ಈ ಮಾತ್ರೆ ಯಾಕೆ" ಎಂದು ನಿಲ್ಲಿಸಿಬಿಡುತ್ತಾರೆ. ಕಾಯಿಲೆ ಇಲ್ಲದಿರುವುದಕ್ಕೆ ಅದೂ ಒಂದು ಕಾರಣ.

ಕೋಟ್ರೈಮಾಕ್ಸಜೋಲ್ ಸಾಮಾನ್ಯವಾಗಿ 6ರಿಂದ 12 ತಿಂಗಳು ಇರುತ್ತದೆ. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾವನ್ನು ಇದು ತಡೆಯುತ್ತದೆ. ಮೂತ್ರದ ಸೋಂಕನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಮೈಮೇಲೆ ದದ್ದು ಬಂದರೆ ಫೋನ್ ಮಾಡಿ, ಬದಲಿ ಔಷಧಿ ಇದೆ. ಇದರಿಂದ ರಕ್ತದಲ್ಲಿ ಪೊಟ್ಯಾಸಿಯಮ್ ಏರಬಹುದು, ಅದಕ್ಕೇ ಆಗಾಗ ಪರೀಕ್ಷೆ.

ವಾಲ್ಗಾನ್ಸಿಕ್ಲೋವಿರ್ ಸಿ.ಎಂ.ವಿ. ತಡೆಯಲು. ಅಪಾಯದ ಮೇಲೆ 3ರಿಂದ 6 ತಿಂಗಳು ಕೊಡುತ್ತಾರೆ. ಈ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಇದು ಬಿಳಿ ರಕ್ತಕಣವನ್ನು ಇಳಿಸಬಹುದು. ಡೋಸ್ ಅನ್ನು ಕಿಡ್ನಿಯ ಕೆಲಸ ನೋಡಿ ಬದಲಿಸುತ್ತಾರೆ, ಹಾಗಾಗಿ ಪಕ್ಕದ ಬೆಡ್ಡಿನವರ ಡೋಸ್‌ಗೂ ನಿಮ್ಮದಕ್ಕೂ ಹೋಲಿಕೆ ಬೇಡ. ಈ ಮಾತ್ರೆ ನಿಲ್ಲಿಸಿದ ನಂತರದ ಕೆಲವು ತಿಂಗಳು ಹುಷಾರು. ತಡವಾಗಿ ಬರುವ ಸಿ.ಎಂ.ವಿ. ಕಾಣಿಸಿಕೊಳ್ಳುವುದು ಆಗಲೇ.

ಬಾಯಿಯ ಅಗ್ರಕ್ಕೆ (ಬಿಳಿ ಪದರ ಕಟ್ಟುವ ಶಿಲೀಂಧ್ರ ಸೋಂಕು), ಹಳೆಯ ಟಿ.ಬಿ. ಮತ್ತೆ ಏಳದಂತೆ, ಹೆಪಟೈಟಿಸ್ ಬಿ ಏಳದಂತೆ ಕೆಲವರಿಗೆ ಬೇರೆ ಮಾತ್ರೆಗಳೂ ಇರುತ್ತವೆ. ಪ್ರತಿಯೊಂದರ ಮುಂದೆ ಎರಡು ವಿಷಯ ಬರೆದುಕೊಳ್ಳಿ: ಯಾತಕ್ಕೆ, ಯಾವಾಗ ನಿಲ್ಲಿಸುವುದು.

ಈಗ ಮೊದಲ ಗುಂಪಿನ ವಿಷಯ. ಟ್ಯಾಕ್ರೋಲಿಮಸ್ ರಕ್ತದಲ್ಲಿ ಎಷ್ಟಿದೆ ಎಂಬುದು ಸೋಂಕಿಗೆ ನೇರ ಸಂಬಂಧ. ಜಾಸ್ತಿಯಾದರೆ ಸೋಂಕು, ಕಮ್ಮಿಯಾದರೆ ರಿಜೆಕ್ಷನ್. ದಿನಕ್ಕೆ ಎರಡು ಸಲ ತಗೊಳ್ಳುವವರು ಲೆವೆಲ್ ಪರೀಕ್ಷೆಗೆ ಹೋಗುವಾಗ ಹಿಂದಿನ ರಾತ್ರಿಯ ಡೋಸ್ ಆಗಿ ಸುಮಾರು 12 ಗಂಟೆಗೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಮಾತ್ರೆ ನುಂಗಿ ರಕ್ತ ಕೊಟ್ಟರೆ ಲೆವೆಲ್ ಸುಳ್ಳೇ ಜಾಸ್ತಿ ಬರುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ಮುಂದೆ ತೊಂದರೆ. ಇದು ತೀರಾ ಸಾಮಾನ್ಯ ತಪ್ಪು.

ಹೊಸ ಔಷಧಿ ಯಾವುದೇ ಇರಲಿ, ಕಸಿ ತಂಡವನ್ನು ಕೇಳದೆ ಬೇಡ. ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್, ಫ್ಲುಕೋನಜೋಲ್, ವೊರಿಕೋನಜೋಲ್ ಇವು ಟ್ಯಾಕ್ರೋಲಿಮಸ್ ಲೆವೆಲ್ ಏರಿಸುತ್ತವೆ. ಕೋವಿಡ್‌ಗೆ ಕೊಡುವ ನಿರ್ಮಾಟ್ರೆಲ್ವಿರ್ ಜೊತೆಗಿನ ರಿಟೋನಾವಿರ್ ವಿಪರೀತ ಏರಿಸುತ್ತದೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಉಲ್ಟಾ, ಲೆವೆಲ್ ಅನ್ನು ಪಾತಾಳಕ್ಕೆ ಇಳಿಸುತ್ತದೆ. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ನೋವಿನ ಮಾತ್ರೆಗಳು ಕಿಡ್ನಿಗೇ ಪೆಟ್ಟು. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಹಣ್ಣೂ ಲೆವೆಲ್ ಏರಿಸುತ್ತವೆ. ಗಿಡಮೂಲಿಕೆ ಪುಡಿ, "ಇಮ್ಯುನಿಟಿ ಹೆಚ್ಚಿಸುವ" ಟಾನಿಕ್ ಯಾವುದೂ ಬೇಡ. ಇಮ್ಯುನಿಟಿ ತಗ್ಗಿಸಲೆಂದೇ ಮಾತ್ರೆ ತಗೊಳ್ಳುತ್ತಾ, ಅದನ್ನು ಏರಿಸುತ್ತೇವೆ ಎನ್ನುವ ಬಾಟಲಿ ಕುಡಿದರೆ ಏನು ಅರ್ಥ?

ಕೊನೆಯದಾಗಿ, ಸೋಂಕು ಬಂತು ಎಂದು ಇಮ್ಯುನಿಟಿ ತಗ್ಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೆಲವು ಸೋಂಕಿಗೆ ವೈದ್ಯರು ಮೈಕೋಫಿನೋಲೇಟ್ ಕಮ್ಮಿ ಮಾಡುವುದುಂಟು. ಆದರೆ ಅದು ಲೆಕ್ಕ ಹಾಕಿ ಮಾಡುವ ಕೆಲಸ. ಪ್ರೆಡ್ನಿಸೋಲೋನ್ ಅಂತೂ ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಬಿದ್ದು ಪ್ರಾಣಕ್ಕೇ ಅಪಾಯ ಆಗಬಹುದು.

ಹಂತ 4: ಕ್ಯಾಲೆಂಡರ್‌ನಲ್ಲಿ ಮೂರು ಕಾಲ ಗುರುತು ಹಾಕಿ

ಯಾವಾಗ ಯಾವ ಸೋಂಕು ಬರುತ್ತದೆ ಎಂಬುದಕ್ಕೆ ಒಂದು ಲಯ ಇದೆ.

ಮೊದಲ ತಿಂಗಳು: ಆಪರೇಷನ್ನಿಗೆ ಸಂಬಂಧಿಸಿದವು. ಹೊಲಿಗೆಯ ಗಾಯ, ಮೂತ್ರದ ಕೊಳವೆ, ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಲೈನ್, ಡಯಾಲಿಸಿಸ್ ಕ್ಯಾತಿಟರ್, ಶ್ವಾಸಕೋಶ. ಗಾಯ ಕೆಂಪಾಗುವುದು, ಬಿಸಿಯಾಗುವುದು, ಬಾಯಿ ಬಿಡುವುದು, ನೀರು ಅಥವಾ ಕೀವು ಒಸರುವುದು ಕಂಡರೆ ಒಂದು ಫೋಟೊ ತೆಗೆದು ಅಂದೇ ತೋರಿಸಿ. ಮೂತ್ರನಾಳದಲ್ಲಿ ಇಟ್ಟ ಸ್ಟೆಂಟ್ (ಸಣ್ಣ ಕೊಳವೆ) ಅನ್ನು ಸಾಮಾನ್ಯವಾಗಿ 2ರಿಂದ 6 ವಾರದೊಳಗೆ ತೆಗೆಯುತ್ತಾರೆ. ಆ ದಿನಾಂಕವನ್ನು ನೀವೇ ಬರೆದಿಟ್ಟುಕೊಂಡು ನೆನಪಿಸಿ. ಜಾಸ್ತಿ ದಿನ ಉಳಿದ ಸ್ಟೆಂಟ್ ಸೋಂಕಿನ ಮನೆ.

1ರಿಂದ 6 ತಿಂಗಳು: ಇಮ್ಯುನಿಟಿ ತೀರಾ ಕೆಳಗಿರುವ ಕಾಲ. ಸಿ.ಎಂ.ವಿ., ಹೊಸ ಕಿಡ್ನಿಯನ್ನು ಹಾಳು ಮಾಡುವ ಬಿಕೆ ವೈರಸ್, ನ್ಯುಮೊಸಿಸ್ಟಿಸ್, ಶಿಲೀಂಧ್ರಗಳು, ಟಿ.ಬಿ. ಇವು ಹೊರಗೆ ಬರುವ ಸಮಯ.

6 ತಿಂಗಳ ನಂತರ: ಕಿಡ್ನಿ ಚೆನ್ನಾಗಿದ್ದು ಡೋಸ್ ಇಳಿದಿದ್ದರೆ ಎಲ್ಲರಿಗೂ ಬರುವ ನೆಗಡಿ, ಫ್ಲೂ, ನ್ಯುಮೋನಿಯಾ, ಮೂತ್ರದ ಸೋಂಕು. ಜೊತೆಗೆ ಸರ್ಪಸುತ್ತು. ಟಿ.ಬಿ. ಯಾವ ವರ್ಷದಲ್ಲಾದರೂ ಬರಬಹುದು.

ಈ ಲೆಕ್ಕದಲ್ಲಿ ಒಂದು ಮುಖ್ಯ ತಿದ್ದುಪಡಿ ಇದೆ. ಮಧ್ಯದಲ್ಲಿ ರಿಜೆಕ್ಷನ್ ಆಗಿ ಜೋರಾದ ಸ್ಟೀರಾಯ್ಡ್ ಅಥವಾ ಎ.ಟಿ.ಜಿ. ಎಂಬ, ಇಮ್ಯುನಿಟಿಯನ್ನು ಬಹಳ ತಗ್ಗಿಸುವ ಇಂಜೆಕ್ಷನ್ ಕೊಟ್ಟರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಕಸಿ ಆಗಿ ಮೂರು ವರ್ಷ ಆಗಿದ್ದರೂ ನೀವು ಮತ್ತೆ ಎರಡನೇ ಕಾಲದಲ್ಲಿ ಇದ್ದೀರಿ. ಮುಂಜಾಗ್ರತೆ ಮಾತ್ರೆಗಳು ಮತ್ತೆ ಬೇಕೇ ಎಂದು ಆಗಲೇ ಕೇಳಿ.

ಹಂತ 5: ದಿನದ ಅಭ್ಯಾಸ

ಕೈ ತೊಳೆಯುವ ಬಗ್ಗೆ ಹೊಸದಾಗಿ ಹೇಳುವುದು ಒಂದೇ. ಭೇದಿ ತರುವ ನೊರೊವೈರಸ್ ಮತ್ತು ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾಕ್ಕೆ ಸ್ಯಾನಿಟೈಸರ್ ಸಾಲದು. ಶೌಚಾಲಯದ ನಂತರ, ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದಾಗ ಸೋಪು ಮತ್ತು ನೀರೇ ಬೇಕು.

ಊಟ: ಕಾಯಿಸದ ಹಾಲು, ಅದರಿಂದ ಮಾಡಿದ ಚೀಸ್, ಹಸಿ ಅಥವಾ ಅರೆಬೆಂದ ಮೊಟ್ಟೆ, ಮಾಂಸ, ಮೀನು, ಹಸಿ ಮೊಳಕೆ ಕಾಳು ಬೇಡ. ಮೊಳಕೆ ಕಾಳು ಆರೋಗ್ಯಕ್ಕೆ ಒಳ್ಳೆಯದೆಂದು ಹಸಿಯಾಗಿ ತಿನ್ನುವವರು ಬೇಕಾದಷ್ಟು ಜನ. ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತದೆ. ಬೇಯಿಸಿ ತಿನ್ನಿ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮತ್ತೆ ಬಿಸಿ ಮಾಡುವಾಗ ಒಳಗಿನವರೆಗೂ ಹಬೆಯಾಡುವಷ್ಟು ಬಿಸಿ ಮಾಡಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಹಾಗಾಗಿ ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಟ್ಟಿದ್ದು ನಿಮಗಲ್ಲ. ನೀರಿನ ಬಗ್ಗೆ ಅನುಮಾನ ಇದ್ದರೆ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಆರಿಸಿ ಕುಡಿಯಿರಿ.

ಮಣ್ಣು ಮತ್ತು ಧೂಳು: ಇದನ್ನು ಜನ ಮರೆಯುತ್ತಾರೆ. ಕೊಳೆತ ಎಲೆ, ಗೊಬ್ಬರ, ಹಳೆ ಗೋಡೆ ಒಡೆಯುವಾಗ ಏಳುವ ಧೂಳು, ಇವುಗಳಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣ ಇರುತ್ತದೆ. ಉಸಿರಲ್ಲಿ ಹೋದರೆ ಶ್ವಾಸಕೋಶ ಹಿಡಿಯುತ್ತದೆ. ಮೊದಲ ಆರು ತಿಂಗಳು ತೋಟದ ಕೆಲಸ ಬೇರೆಯವರಿಗೆ ಬಿಡಿ. ಆಮೇಲೆ ಮಾಡುವುದಾದರೆ ಗ್ಲೌಸ್, ಮಾಸ್ಕ್, ಮುಚ್ಚಿದ ಚಪ್ಪಲಿ ಅಥವಾ ಶೂ. ಬರಿಗಾಲಲ್ಲಿ ಮಣ್ಣು ತುಳಿಯಬೇಡಿ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಪಾದದ ಚರ್ಮದಿಂದಲೇ ಒಳಗೆ ಹೋಗುತ್ತದೆ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಅದು ಮೈತುಂಬ ಹರಡಿ ಪ್ರಾಣ ತೆಗೆಯಬಲ್ಲದು.

ಸಾಕುಪ್ರಾಣಿ: ಬಿಟ್ಟುಕೊಡಬೇಕಾಗಿಲ್ಲ. ಬೆಕ್ಕಿನ ಮಲದ ತಟ್ಟೆ, ಹಕ್ಕಿ ಪಂಜರ, ಮೀನಿನ ತೊಟ್ಟಿ ಇವನ್ನು ಮಾತ್ರ ಬೇರೆಯವರು ತೊಳೆಯಲಿ. ಬೆಕ್ಕಿನ ತಟ್ಟೆಯನ್ನು ಪ್ರತಿದಿನ ತೆಗೆಯಬೇಕು. ಟಾಕ್ಸೋಪ್ಲಾಸ್ಮಾ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕಾಗುತ್ತದೆ. ಆಮೆ, ಓತಿಯಂಥ ಪ್ರಾಣಿಗಳು ಸಾಲ್ಮೊನೆಲ್ಲಾ ಹೊತ್ತಿರುತ್ತವೆ, ಅವು ಬೇಡ.

ಜನ: ಮನೆಗೆ ಬರುವವರಿಗೆ "ನೆಗಡಿ ಇದ್ದರೆ ಇನ್ನೊಂದು ದಿನ ಬನ್ನಿ" ಎಂದು ಹೇಳಲು ಸಂಕೋಚ ಪಡಬೇಡಿ. ಅದನ್ನು ಮನೆಯವರು ಹೇಳಿದರೆ ಇನ್ನೂ ಸಲೀಸು. ಚಿಕನ್ ಪಾಕ್ಸ್ ಅಥವಾ ದಡಾರ ಇರುವವರ ಹತ್ತಿರ ಹೋಗಿದ್ದೀರಿ ಎಂದು ಗೊತ್ತಾದರೆ ಅವತ್ತೇ ಫೋನ್ ಮಾಡಿ. ಗುಳ್ಳೆ ಏಳುವವರೆಗೆ ಕಾಯಬೇಡಿ. ರಕ್ಷಣೆಗೆ ಕೊಡುವ ಇಂಜೆಕ್ಷನ್ ಸಂಪರ್ಕವಾದ ಕೆಲವೇ ದಿನಗಳೊಳಗೆ ಕೊಟ್ಟರೆ ಮಾತ್ರ ಉಪಯೋಗ.

ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ. ಹಲ್ಲಿನ ಕೆಲಸಕ್ಕೆ ಹೋಗುವ ಮುನ್ನ ಕಸಿ ತಂಡಕ್ಕೆ ತಿಳಿಸಿ.

ಹಂತ 6: ಲಸಿಕೆ

ಜೀವಂತ ಲಸಿಕೆ (ಬಲ ಕುಂದಿಸಿದ ಜೀವಂತ ಕ್ರಿಮಿ ಇರುವುದು), ಜೀವಂತವಲ್ಲದ ಲಸಿಕೆ ಎಂಬ ವ್ಯತ್ಯಾಸ ಗೊತ್ತಿದ್ದರೆ ಸಾಕು. ಎಂ.ಎಂ.ಆರ್. (ದಡಾರ, ಮಂಗಬಾವು, ರುಬೆಲ್ಲಾ), ಚಿಕನ್ ಪಾಕ್ಸ್, ಬಾಯಿಗೆ ಹಾಕುವ ಪೋಲಿಯೊ, ಮೂಗಿಗೆ ಸಿಂಪಡಿಸುವ ಫ್ಲೂ, ಟಿ.ಬಿ.ಯ ಬಿ.ಸಿ.ಜಿ., ಹಳದಿ ಜ್ವರ, ಬಾಯಿಂದ ಕೊಡುವ ಟೈಫಾಯ್ಡ್ ಲಸಿಕೆಗಳು ಜೀವಂತ. ಕಸಿ ಆದ ಮೇಲೆ ಇವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕಸಿಗೆ ಇನ್ನೂ ಕಾಯುತ್ತಿರುವವರು ಇದನ್ನು ಓದುತ್ತಿದ್ದರೆ, ಬೇಕಾದ ಜೀವಂತ ಲಸಿಕೆಗಳನ್ನು ಆಪರೇಷನ್ನಿಗೆ ಕನಿಷ್ಠ 4 ವಾರ ಮುಂಚೆ ಮುಗಿಸಿಕೊಳ್ಳಿ.

ಫ್ಲೂ ಇಂಜೆಕ್ಷನ್ ಪ್ರತಿವರ್ಷ ಬೇಕು. ನ್ಯುಮೊಕಾಕಲ್, ಹೆಪಟೈಟಿಸ್ ಬಿ, ಕೋವಿಡ್, ಜೀವಂತವಲ್ಲದ ಸರ್ಪಸುತ್ತಿನ ಲಸಿಕೆ ಇವುಗಳ ಬಗ್ಗೆ ಕೇಳಿ. ಸಾಮಾನ್ಯವಾಗಿ ಕಸಿ ಆಗಿ 3ರಿಂದ 6 ತಿಂಗಳ ನಂತರ ಶುರು ಮಾಡುತ್ತಾರೆ. ಫ್ಲೂ ಕಾಲವಾಗಿದ್ದರೆ ಆ ಲಸಿಕೆಯನ್ನು ಒಂದು ತಿಂಗಳಿಗೇ ಕೊಡುವುದುಂಟು. ನಿಮ್ಮ ದೇಹ ಲಸಿಕೆಗೆ ಪೂರ್ತಿ ಸ್ಪಂದಿಸದೇ ಇರಬಹುದು, ಅದಕ್ಕೇ ಮನೆಯವರೂ ಹಾಕಿಸಿಕೊಳ್ಳಬೇಕು. ಮನೆಯ ಮಕ್ಕಳಿಗೆ ಬಾಯಿಯ ಪೋಲಿಯೊ ಹನಿಯ ಬದಲು ಇಂಜೆಕ್ಷನ್ ಪೋಲಿಯೊ ಕೊಡಲು ಆಗುತ್ತದೆಯೇ ಎಂದು ಮಕ್ಕಳ ವೈದ್ಯರನ್ನು ಕೇಳಿ.

ಹಂತ 7: ಲಕ್ಷಣ ಓದುವುದನ್ನು ಕಲಿಯಿರಿ

ಮೂತ್ರ

ಕಸಿ ಆದವರಲ್ಲಿ ಬ್ಯಾಕ್ಟೀರಿಯಾದಿಂದ ಅತಿ ಹೆಚ್ಚಾಗಿ ಬರುವುದು ಮೂತ್ರದ ಸೋಂಕು. ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೆಟ್ಟ ವಾಸನೆ, ಮಬ್ಬು ಬಣ್ಣ, ರಕ್ತ. ಇಲ್ಲಿ ಒಂದು ವಿಶೇಷ ಇದೆ. ಹೊಸ ಕಿಡ್ನಿ ಬೆನ್ನಲ್ಲಿ ಇಲ್ಲ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿದೆ. ಹಾಗಾಗಿ ಸೋಂಕು ಕಿಡ್ನಿಗೆ ಏರಿದರೆ ನೋವು ಬರುವುದೂ ಅಲ್ಲೇ. ಜೊತೆಗೆ ಕಸಿ ಮಾಡುವಾಗ ಅದರ ನರಗಳು ತುಂಡಾಗಿರುತ್ತವೆ, ನೋವು ತೀರಾ ಸಣ್ಣದಿರಬಹುದು. ಬೆನ್ನು ನೋವು ಬಂದರೆ ನೋಡೋಣ ಎಂದು ಕಾಯುತ್ತಾ ಕೂರಬೇಡಿ. ಚಳಿಜ್ವರದ ಜೊತೆ ಕಿಡ್ನಿ ಇರುವ ಜಾಗ ಒತ್ತಿದರೆ ನೋವು ಎಂದರೆ ಅಂದೇ ಆಸ್ಪತ್ರೆ.

ಇದರ ಇನ್ನೊಂದು ಮುಖವೂ ಇದೆ. ಯಾವ ಲಕ್ಷಣವೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ, ಮೊದಲ ಒಂದೆರಡು ತಿಂಗಳು ದಾಟಿದವರಿಗೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಬೇಡ. ಸುಮ್ನೆ ಕೊಟ್ಟರೆ ಔಷಧಿಗೆ ಬಗ್ಗದ ಕ್ರಿಮಿ ಬೆಳೆಯುತ್ತದೆ. ವೈದ್ಯರು "ಏನೂ ಬೇಡ" ಎಂದರೆ ಅದು ನಿರ್ಲಕ್ಷ್ಯ ಅಲ್ಲ.

ಕೆಮ್ಮು ಮತ್ತು ಉಸಿರು

ಕಫ, ಎದೆನೋವು, ಜ್ವರ ಇರುವ ನ್ಯುಮೋನಿಯಾ ಎಲ್ಲರಿಗೂ ಗೊತ್ತಾಗುತ್ತದೆ. ಮೋಸ ಮಾಡುವುದು ನ್ಯುಮೊಸಿಸ್ಟಿಸ್. ಒಣ ಕೆಮ್ಮು, ಸ್ವಲ್ಪ ಜ್ವರ. ಕೂತಾಗ ಸರಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪಲ್ಸ್ ಆಕ್ಸಿಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೂತು ಒಮ್ಮೆ ನೋಡಿ, ಮನೆಯೊಳಗೇ ಒಂದು ನಿಮಿಷ ನಡೆದು ಮತ್ತೆ ನೋಡಿ. ಅಂಕಿ 94ಕ್ಕಿಂತ ಕೆಳಗಿದ್ದರೆ ಅಥವಾ ನಡೆದಾಗ ನಾಲ್ಕೈದು ಅಂಕ ಕುಸಿದರೆ ಕಾಯಬೇಡಿ. ತಣ್ಣಗಿನ ಬೆರಳು, ಉಗುರು ಬಣ್ಣ ಇದ್ದರೆ ಅಂಕಿ ತಪ್ಪು ಬರುತ್ತದೆ. ಕೂತಾಗಲೇ ಉಸಿರು ಕಟ್ಟುತ್ತಿದ್ದರೆ ಈ ಪರೀಕ್ಷೆ ಮಾಡುತ್ತಾ ಸಮಯ ಕಳೆಯಬೇಡಿ, ನೇರ ಹೊರಡಿ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಟಿ.ಬಿ. ಕಡೆ ಬೊಟ್ಟು ಮಾಡುತ್ತವೆ. ಕಸಿ ಆದವರಲ್ಲಿ ಅದು ಶ್ವಾಸಕೋಶದ ಹೊರಗೂ ಇರಬಹುದು, ಆಗ ಕೆಮ್ಮೇ ಇರುವುದಿಲ್ಲ.

ಹೊಟ್ಟೆ

ಒಂದು ದಿನ ದಾಟಿದ ಭೇದಿಯನ್ನು ಹಗುರಾಗಿ ತಗೊಳ್ಳಬೇಡಿ. ಸಿ.ಎಂ.ವಿ. ಇರಬಹುದು, ಸಿ. ಡಿಫಿಸಿಲ್ ಇರಬಹುದು, ಮೈಕೋಫಿನೋಲೇಟ್ ಮಾತ್ರೆಯೇ ಕಾರಣ ಇರಬಹುದು. ಜೊತೆಗೆ ಭೇದಿ ಆದಾಗ ಟ್ಯಾಕ್ರೋಲಿಮಸ್ ಲೆವೆಲ್ ಏರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಮೈಯ ನೀರು ಇಳಿದು ಕಿಡ್ನಿಗೆ ಒಂದು ಹೊಡೆತ, ಲೆವೆಲ್ ಏರಿ ಇನ್ನೊಂದು. ಭೇದಿ ಕಟ್ಟುವ ಮಾತ್ರೆ ಕೇಳದೆ ತಗೊಳ್ಳಬೇಡಿ. ಮಾತ್ರೆ ನುಂಗಿ ಎಷ್ಟು ಹೊತ್ತಿನೊಳಗೆ ವಾಂತಿಯಾದರೆ ಮತ್ತೆ ತಗೊಳ್ಳಬೇಕು ಎಂಬುದನ್ನು ಮುಂಚೆಯೇ ತಂಡವನ್ನು ಕೇಳಿ ಹಾಳೆಯಲ್ಲಿ ಬರೆದಿಡಿ.

ಚರ್ಮ ಮತ್ತು ಬಾಯಿ

ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ, ನೋವು, ಆಮೇಲೆ ನೀರುಗುಳ್ಳೆ ಎಂದರೆ ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾಗಬೇಕು. ಮೇಲಿಂದ ಏನೇನೋ ಹಚ್ಚುತ್ತಾ ಆ ಸಮಯ ಕಳೆಯುವವರೇ ಜಾಸ್ತಿ. ಕಣ್ಣಿನ ಸುತ್ತ ಎದ್ದರೆ ಅದು ತುರ್ತು. ಬಾಯಲ್ಲಿ ಬಿಳಿ ಪದರ, ನುಂಗುವಾಗ ನೋವು ಇದ್ದರೆ ಶಿಲೀಂಧ್ರ ಸೋಂಕು ಇರಬಹುದು.

ತಲೆ

ಹೊಸದಾಗಿ ಶುರುವಾಗಿ ದಿನದಿಂದ ದಿನಕ್ಕೆ ಏರುವ ತಲೆನೋವು, ಜ್ವರ ಇರಲಿ ಬಿಡಲಿ, ಗಂಭೀರ. ಮಿದುಳಿನ ಪೊರೆಯ ಕ್ರಿಪ್ಟೊಕಾಕಸ್ ಸೋಂಕಿನಲ್ಲಿ ವಾರಗಟ್ಟಲೆ ಅದೊಂದೇ ಲಕ್ಷಣ ಇರಬಹುದು. ಗೊಂದಲ, ಮಂಪರು, ಕತ್ತು ಬಿಗಿತ, ಫಿಟ್ಸ್ ಬಂದರೆ ಫೋನ್ ಬೇಡ, ನೇರ ಆಸ್ಪತ್ರೆ.

ಲಕ್ಷಣವೇ ಇಲ್ಲದ್ದು

ಬಿಕೆ ವೈರಸ್ ಏನೂ ಹೇಳುವುದಿಲ್ಲ. ಜ್ವರ ಇಲ್ಲ, ಉರಿ ಇಲ್ಲ. ಹೊಸ ಕಿಡ್ನಿಯೊಳಗೆ ಕೂತು ಅದನ್ನು ಹಾಳು ಮಾಡುತ್ತದೆ, ಗೊತ್ತಾಗುವ ಹೊತ್ತಿಗೆ ಕ್ರಿಯಾಟಿನಿನ್ ಏರಿರುತ್ತದೆ. ಅದಕ್ಕೇ ರಕ್ತದ ಪಿ.ಸಿ.ಆರ್. ಪರೀಕ್ಷೆ. ಮೊದಲ 9 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 2 ವರ್ಷದವರೆಗೆ 3 ತಿಂಗಳಿಗೊಮ್ಮೆ ಮಾಡುವುದು ಬಳಕೆಯಲ್ಲಿರುವ ಕ್ರಮ. ಇದಕ್ಕೆ ನೇರವಾಗಿ ಕೆಲಸ ಮಾಡುವ ಖಚಿತ ಔಷಧಿ ಇಲ್ಲ. ಇಮ್ಯುನಿಟಿ ತಗ್ಗಿಸುವ ಮಾತ್ರೆಯನ್ನು ಲೆಕ್ಕ ಹಾಕಿ ಇಳಿಸುವುದೇ ದಾರಿ. ಬೇಗ ಗೊತ್ತಾದಷ್ಟೂ ಕಿಡ್ನಿ ಉಳಿಯುವ ಸಾಧ್ಯತೆ ಜಾಸ್ತಿ. "ಚೆನ್ನಾಗಿದ್ದೀನಿ, ಈ ತಿಂಗಳು ಪರೀಕ್ಷೆ ಬೇಡ" ಎಂದು ಬಿಡುವವರು ಸಿಕ್ಕಿಬೀಳುವುದು ಇದಕ್ಕೇ.

ಹಂತ 8: ಜ್ವರ ಬಂತು. ಮೊದಲ ಗಂಟೆಯಲ್ಲಿ ಈ ಕ್ರಮ

1. ಥರ್ಮಾಮೀಟರ್ ಇಡಿ, ಸಮಯದ ಜೊತೆ ಬರೆಯಿರಿ. ಜ್ವರದ ಮಾತ್ರೆ ಈಗ ಬೇಡ. ಅಂಕಿ ಬರೆದು, ತಂಡದ ಜೊತೆ ಮಾತಾಡಿದ ಮೇಲೆ ಅವರು ಹೇಳಿದರೆ ಪ್ಯಾರಾಸಿಟಮಾಲ್.

2. ಬಿ.ಪಿ., ನಾಡಿ, ಆಕ್ಸಿಜನ್ ನೋಡಿ. ಕಳೆದ 12 ಗಂಟೆಯಲ್ಲಿ ಮೂತ್ರ ಎಷ್ಟು ಹೋಯಿತು, ವಾಂತಿ ಭೇದಿ ಇದೆಯೇ, ಗಾಯ ಹೇಗಿದೆ ಎಂದು ನೋಡಿ.

3. ಫೋನ್ ಮಾಡಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಹಗಲೋ ರಾತ್ರಿಯೋ ಎಂದು ನೋಡಬೇಡಿ. 37.5ರಿಂದ 38ರ ನಡುವೆ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ, ಅಥವಾ ಜೊತೆಗೆ ಬೇರೆ ಯಾವ ಲಕ್ಷಣ ಇದ್ದರೂ ಆಗಲೇ ಫೋನ್. ಹೀಗೆ ಶುರು ಮಾಡಿ: "ನನಗೆ ಕಿಡ್ನಿ ಕಸಿ ಆಗಿ ಇಷ್ಟು ತಿಂಗಳಾಗಿದೆ, ಜ್ವರ ಇಷ್ಟಿದೆ, ಇಷ್ಟು ಹೊತ್ತಿಂದ ಇದೆ." ಉಳಿದದ್ದು ಅವರೇ ಕೇಳುತ್ತಾರೆ.

4. ಆ್ಯಂಟಿಬಯಾಟಿಕ್ ಮುಟ್ಟಬೇಡಿ. ಮೊದಲು ಮೂತ್ರ ಮತ್ತು ರಕ್ತದ ಕಲ್ಚರ್, ಆಮೇಲೆ ಔಷಧಿ. ಮೂತ್ರ ಕೊಡುವಾಗ ಜಾಗ ತೊಳೆದು, ಮೊದಲ ಸ್ವಲ್ಪ ಬಿಟ್ಟು, ನಡುವಿನದ್ದನ್ನು ಹಿಡಿಯಿರಿ. ಮನೆಯಿಂದ ಒಯ್ಯುವುದಾದರೆ ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ, ಒಂದೆರಡು ಗಂಟೆಯೊಳಗೆ. ಹಾಗೆಂದು ಸ್ಥಿತಿ ಗಂಭೀರವಾಗಿದ್ದಾಗ ಸ್ಯಾಂಪಲ್‌ಗಾಗಿ ಚಿಕಿತ್ಸೆ ತಡೆಯಬಾರದು, ಅದನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ.

5. ಹೊರಡುವಾಗ ಹಾಳೆ, ನೋಟ್‌ಬುಕ್, ಮುಂದಿನ ಎರಡು ದಿನದ ಮಾತ್ರೆ ಜೊತೆಗೆ ಇರಲಿ. ತುರ್ತು ವಿಭಾಗದಲ್ಲಿ ಕಾಯುವಾಗ ಟ್ಯಾಕ್ರೋಲಿಮಸ್ ಸಮಯ ತಪ್ಪುವುದು ಮಾಮೂಲಿ.

ಫೋನಿಗೆ ಕಾಯದೆ ನೇರ ಹೊರಡಬೇಕಾದ ಸಂದರ್ಭಗಳು: ಹಲ್ಲು ಕಟಕಟ ಎನ್ನುವ ನಡುಕ, ಉಸಿರಾಟದ ಕಷ್ಟ, ಮಾತು ತೊದಲುವುದು ಅಥವಾ ಗೊಂದಲ, ಮೂತ್ರ ಪೂರ್ತಿ ನಿಲ್ಲುವುದು, ಬಿ.ಪಿ.ಯ ಮೇಲಿನ ಅಂಕಿ 90ಕ್ಕಿಂತ ಕೆಳಗೆ, ನೀರು ಕುಡಿದರೂ ವಾಂತಿಯಾಗಿ ಮಾತ್ರೆ ನಿಲ್ಲದಿರುವುದು.

ಹಂತ 9: ಕಸಿ ಆಸ್ಪತ್ರೆ ದೂರ ಇದ್ದು ಬೇರೆ ಕಡೆ ಹೋಗಬೇಕಾದರೆ

ಹತ್ತಿರದ ಆಸ್ಪತ್ರೆಗೆ ಹೋಗುವುದರಲ್ಲಿ ತಪ್ಪಿಲ್ಲ, ತಡ ಮಾಡುವುದಕ್ಕಿಂತ ಎಷ್ಟೋ ವಾಸಿ. ಆದರೆ ಅಲ್ಲಿನ ವೈದ್ಯರು ಕಸಿ ಆದವರನ್ನು ದಿನಾ ನೋಡುವವರಾಗಿರಲಿಕ್ಕಿಲ್ಲ. ಕೌಂಟರಿನಲ್ಲೇ ಕಸಿ ಆಗಿದೆ ಎಂದು ಹೇಳಿ. ಹಾಳೆ ಕೊಡಿ. ಹೊಸ ಔಷಧಿ ಬರೆದಾಗ "ಇದು ಟ್ಯಾಕ್ರೋಲಿಮಸ್ ಜೊತೆ ಆಗುತ್ತದೆಯೇ, ಕಿಡ್ನಿಗೆ ಆಗುತ್ತದೆಯೇ" ಎಂದು ಕೇಳಿ. ಕಸಿ ತಂಡಕ್ಕೆ ಫೋನ್ ಹಚ್ಚಿ ಇಬ್ಬರನ್ನೂ ಮಾತಾಡಿಸಿಬಿಡಿ, ಮಧ್ಯದಲ್ಲಿ ನೀವು ಸುದ್ದಿ ದಾಟಿಸುವುದಕ್ಕಿಂತ ಅದು ಉತ್ತಮ. ಸಿ.ಟಿ. ಸ್ಕ್ಯಾನ್‌ಗೆ ಬಣ್ಣದ ಇಂಜೆಕ್ಷನ್ ಕೊಡುವ ಮುನ್ನವೂ ಕ್ರಿಯಾಟಿನಿನ್ ಎಷ್ಟಿದೆ ಎಂದು ನೆನಪಿಸಿ.

ಹಂತ 10: ಗುಣವಾದ ಮೇಲಿನ ಎರಡು ವಾರ

ಜ್ವರ ಹೋಯಿತು, ಮನೆಗೆ ಬಂದೆವು ಎಂದು ಬಿಡುವ ಹಾಗಿಲ್ಲ. ಬರೆದಷ್ಟು ದಿನ ಆ್ಯಂಟಿಬಯಾಟಿಕ್ ಮುಗಿಸಿ. ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ. ಸೋಂಕಿನ ಸಮಯದಲ್ಲಿ ಯಾವ ಮಾತ್ರೆ ಕಮ್ಮಿ ಮಾಡಿದ್ದರು, ಯಾವುದು ನಿಲ್ಲಿಸಿದ್ದರು ಎಂದು ಡಿಸ್ಚಾರ್ಜ್ ಹಾಳೆ ನೋಡಿ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ "ಯಾವಾಗ ಮತ್ತೆ ಶುರು, ಎಷ್ಟು ಡೋಸ್" ಎಂದು ಕೇಳಿ. ಮೈಕೋಫಿನೋಲೇಟ್ ನಿಲ್ಲಿಸಿ ಮತ್ತೆ ಶುರು ಮಾಡುವುದನ್ನು ಯಾರೂ ಹೇಳದೆ ಉಳಿದುಹೋದರೆ ಮುಂದಿನ ಭೇಟಿ ರಿಜೆಕ್ಷನ್ನಿಗೇ ಆಗಬಹುದು.

ಲೆವೆಲ್ ಏರಿಸುವ ಔಷಧಿ ಕೊಟ್ಟಾಗ ಟ್ಯಾಕ್ರೋಲಿಮಸ್ ಡೋಸ್ ಇಳಿಸಿರುತ್ತಾರೆ. ಆ ಔಷಧಿ ಮುಗಿದ ಮೇಲೆ ಡೋಸ್ ಮತ್ತೆ ಏರಬೇಕು, ಇಲ್ಲದಿದ್ದರೆ ಲೆವೆಲ್ ಕುಸಿಯುತ್ತದೆ. ಹಾಗಾಗಿ ಔಷಧಿ ಮುಗಿಯುವ ದಿನವನ್ನು ಮೊದಲೇ ತಂಡಕ್ಕೆ ತಿಳಿಸಿ, ಅದಾದ ಒಂದು ವಾರದೊಳಗೆ ಟ್ಯಾಕ್ರೋಲಿಮಸ್ ಲೆವೆಲ್ ಮತ್ತು ಕ್ರಿಯಾಟಿನಿನ್ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳಿ. ಮೂತ್ರದ ಸೋಂಕು ಪದೇ ಪದೇ ಬರುತ್ತಿದ್ದರೆ ಪ್ರತಿ ಸಲ ಆ್ಯಂಟಿಬಯಾಟಿಕ್ ಬದಲಿಸುತ್ತಾ ಹೋಗುವುದರ ಬದಲು ಸ್ಕ್ಯಾನ್ ಮಾಡಿ ಕಾರಣ ಹುಡುಕಲು ಕೇಳಿ. ಮೂತ್ರಕೋಶ ಪೂರ್ತಿ ಖಾಲಿಯಾಗದಿರುವುದು, ಮೂತ್ರ ಹಿಮ್ಮುಖವಾಗಿ ಕಿಡ್ನಿಗೆ ಏರುವುದು, ನಾಳ ಕಿರಿದಾಗಿರುವುದು, ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್, ಹಳೆಯ ಕಿಡ್ನಿಯಲ್ಲೇ ಉಳಿದ ಸೋಂಕು, ಇವುಗಳಲ್ಲಿ ಒಂದು ಸಿಗುವುದು ಅಪರೂಪವೇನಲ್ಲ.